ವಂದೇ ಭಾರತ್ ಉಪ್ಪಳದಲ್ಲಿ ನಿಲ್ಲುವುದಿಲ್ಲ, ಆದರೂ ರೈಲಿನ ಲೆಕ್ಕ ನಮಗೆ ಗೊತ್ತಿರಬೇಕು

ಬೆಳಿಗ್ಗೆ ಆರೂಮುಕ್ಕಾಲರ ಆಸುಪಾಸಿಗೆ ಉಪ್ಪಳ ರೈಲ್ವೆ ಸ್ಟೇಷನ್‌ನಲ್ಲಿ ನಿಂತವರಿಗೆ ಈ ದೃಶ್ಯ ಹೊಸದಲ್ಲ. ಮಂಗಳೂರು ಕಡೆಯಿಂದ ವಂದೇ ಭಾರತ್ ಬರುತ್ತದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿ ಹೋಗುತ್ತದೆ. ಒಳಗೆ ಕೂತವರಿಗೆ ಸ್ಟೇಷನ್‌ನ ಬೋರ್ಡ್ ಓದಲೂ ಸಮಯ ಸಿಗುವುದಿಲ್ಲ. ಪ್ಲಾಟ್‌ಫಾರ್ಮ್‌ನಲ್ಲಿ ನಿಂತವರು ಕಾಯುತ್ತಿರುವುದು ಬೇರೆ ರೈಲಿಗೆ. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ದೊಡ್ಡ ಕವರ್ ಹಿಡಿದ ಉಮ್ಮ, ಬ್ಯಾಗ್ ಹೆಗಲಿಗೇರಿಸಿದ ಕಾಲೇಜು ಮಕ್ಕಳು, ಮಂಗಳೂರಿನ ಅಂಗಡಿಗಳಿಗೆ ಕೆಲಸಕ್ಕೆ ಹೋಗುವ ಹುಡುಗರು, ಎಲ್ಲರೂ ಕಾಯುವುದು ಹತ್ತು ರೂಪಾಯಿಯ ಪ್ಯಾಸೆಂಜರ್‌ಗೆ.

ಒಂದೇ ಹಳಿ, ಆದರೆ ಟಿಕೆಟ್ ಹತ್ತು ರೂಪಾಯಿಯಿಂದ ಮೂರು ಸಾವಿರದ ಹತ್ತಿರದವರೆಗೂ ಉಂಟು. ಈ ವ್ಯತ್ಯಾಸ ಎಲ್ಲಿಂದ ಬಂತು? ಯಾವ ಪ್ರಯಾಣಕ್ಕೆ ಯಾವ ರೈಲು ಲಾಭ? ನಮಗೆ ಹಕ್ಕಾಗಿ ಸಿಗಬೇಕಾದ ಯಾವ ರಿಯಾಯಿತಿಯನ್ನು ನಾವು ಕೇಳದೆ ಬಿಡುತ್ತಿದ್ದೇವೆ? ಇದು ಗೊತ್ತಿಲ್ಲದೆ ನಮ್ಮ ಮನೆಗಳಿಂದ ಪ್ರತಿ ತಿಂಗಳು ಹಣ ಸುಮ್ಮನೆ ಸೋರಿ ಹೋಗುತ್ತಿದೆ.

ನಮ್ಮೂರಿನ ರೈಲು, ಸ್ವಲ್ಪ ಹಿಂದಕ್ಕೆ ನೋಡಿದರೆ

ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಆದರೆ ನಮ್ಮ ಆಸ್ಪತ್ರೆ, ಕಾಲೇಜು, ಸಂತೆ, ಸಂಬಂಧ ಎಲ್ಲವೂ ಮಂಗಳೂರಿನಲ್ಲೇ ಉಳಿಯಿತು. ಕಚೇರಿ ಕೆಲಸಕ್ಕೆ ಮಾತ್ರ ತಿರುವನಂತಪುರ ಎಂಬ ದೂರದ ರಾಜಧಾನಿ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮುಂಬೈಯೂ ಹತ್ತಿರವಾಯಿತು.

ರೈಲು ನಿಂತರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್‌ನಲ್ಲಿ ಕಣ್ಣಾರೆ ಕಂಡಿದ್ದೇವೆ. ರೈಲು ಇಲ್ಲ, ತಲಪಾಡಿಯಲ್ಲಿ ಗಡಿ ಬಂದ್. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಮಂಜೇಶ್ವರ ತಾಲೂಕಿನ ರೋಗಿಗಳು ಪಟ್ಟ ಪಾಡು ಹೈಕೋರ್ಟಿನ ಮೆಟ್ಟಿಲು ಹತ್ತಿತು. ಲಾಕ್‌ಡೌನ್ ಮುಗಿದು ರೈಲು ಮತ್ತೆ ಶುರುವಾದಾಗ ಪ್ಯಾಸೆಂಜರ್‌ಗಳು "ಸ್ಪೆಷಲ್ ಎಕ್ಸ್‌ಪ್ರೆಸ್" ಎಂಬ ಹೆಸರು ಹೊತ್ತು ಬಂದವು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯಿತು. ಬೋಗಿ ಅದೇ, ವೇಗ ಅದೇ, ದರ ಮಾತ್ರ ಮೂರು ಪಟ್ಟು. ಇದು ಸರಿಯಾಗಿ ಹಳೆಯ ದರಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ದಿನಾ ಹೋಗಿ ಬರುವ ಒಬ್ಬ ಕೂಲಿಗೆ ಆ ದಿನಗಳಲ್ಲಿ ದಿನಕ್ಕೆ 40 ರೂಪಾಯಿ ಹೆಚ್ಚು ಹೋಗುತ್ತಿತ್ತು. ತಿಂಗಳಿಗೆ ಲೆಕ್ಕ ಹಾಕಿದರೆ ಸಾವಿರ ರೂಪಾಯಿ.

ಟಿಕೆಟ್‌ನ ಒಳಗೆ ಏನೇನು ಸೇರಿದೆ?

ಟಿಕೆಟ್‌ನಲ್ಲಿ ಕಾಣುವ ಒಟ್ಟು ಮೊತ್ತ ಒಂದೇ ದರವಲ್ಲ. ಮೂಲ ದರ ದೂರದ ಮೇಲೆ. ಅದರ ಮೇಲೆ ರಿಸರ್ವೇಶನ್ ಶುಲ್ಕ: ಸ್ಲೀಪರ್‌ಗೆ 20, ಥರ್ಡ್ ಎಸಿ ಮತ್ತು ಚೇರ್ ಕಾರ್‌ಗೆ 40 ರೂಪಾಯಿ. ಸೂಪರ್‌ಫಾಸ್ಟ್ ರೈಲಾದರೆ ಜನರಲ್‌ಗೆ 15, ಸ್ಲೀಪರ್‌ಗೆ 30, ಥರ್ಡ್ ಎಸಿಗೆ 45 ರೂಪಾಯಿ. ಎಸಿ ಬೋಗಿಗೆ ಶೇ. 5 ಜಿಎಸ್‌ಟಿ, ಸ್ಲೀಪರ್ ಮತ್ತು ಜನರಲ್‌ಗೆ ಜಿಎಸ್‌ಟಿ ಇಲ್ಲ. ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಿದರೆ ಅದರದ್ದೂ ಒಂದು ಶುಲ್ಕ: ಯುಪಿಐನಲ್ಲಿ ಕಟ್ಟಿದರೆ ನಾನ್ ಎಸಿಗೆ 10, ಎಸಿಗೆ 20. ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಆದರೆ 15 ಮತ್ತು 30. ಅದರ ಮೇಲೆ ಜಿಎಸ್‌ಟಿ ಬೇರೆ. ಈ ಶುಲ್ಕ ಒಂದು ಟಿಕೆಟ್‌ಗೆ ಒಂದೇ ಸಲ. ಮನೆಯ ನಾಲ್ವರಿಗೆ ನಾಲ್ಕು ಬೇರೆ ಟಿಕೆಟ್ ಮಾಡುವ ಬದಲು ಒಂದೇ ಟಿಕೆಟ್ ಮಾಡಿದರೆ ಅಷ್ಟು ಉಳಿಯಿತು.

2025ರಲ್ಲಿ ದರ ಎರಡು ಸಲ ಏರಿತು. ಜುಲೈ 1ರಿಂದ ಎಕ್ಸ್‌ಪ್ರೆಸ್ ರೈಲಿನ ನಾನ್ ಎಸಿಗೆ ಕಿಲೋಮೀಟರಿಗೆ 1 ಪೈಸೆ, ಎಸಿಗೆ 2 ಪೈಸೆ. ಡಿಸೆಂಬರ್ 26ರಿಂದ ಎರಡಕ್ಕೂ ಮತ್ತೆ 2 ಪೈಸೆ. ಕೇಳಲು ಚಿಕ್ಕದು. ಕಾಸರಗೋಡಿನಿಂದ ತಿರುವನಂತಪುರಕ್ಕೆ ಸ್ಲೀಪರ್‌ನಲ್ಲಿ ಹೋಗುವವರಿಗೆ ಎರಡೂ ಸೇರಿ ಹದಿನೇಳು ಹದಿನೆಂಟು ರೂಪಾಯಿ ಹೆಚ್ಚಾಯಿತು ಅಷ್ಟೆ. ಪ್ಯಾಸೆಂಜರ್‌ನಲ್ಲಿ ಹತ್ತಿರದ ಊರಿಗೆ ಹೋಗುವವರಿಗೂ, ಸೀಸನ್ ಟಿಕೆಟ್‌ಗೂ ಏರಿಕೆ ಇಲ್ಲ. ಹಾಗಾಗಿ ಕಿಸೆಗೆ ದೊಡ್ಡ ಕತ್ತರಿ ಬೀಳುವುದು ಈ ಪೈಸೆ ಏರಿಕೆಯಿಂದ ಅಲ್ಲ. ಕೊನೇ ಗಳಿಗೆಯಲ್ಲಿ ಓಡುವುದರಿಂದ, ತಪ್ಪು ರೈಲು ಆರಿಸುವುದರಿಂದ.

ಹತ್ತು ರೂಪಾಯಿ ಟಿಕೆಟ್‌ಗೆ ಇನ್ನೂರೈವತ್ತು ದಂಡ

ನಮ್ಮ ಹುಡುಗರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಉಪ್ಪಳದಿಂದ ಮಂಗಳೂರಿಗೆ ಪ್ಯಾಸೆಂಜರ್ ಟಿಕೆಟ್ 10 ರೂಪಾಯಿ, ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಗೆ ಕನಿಷ್ಠ 30. ಹತ್ತರ ಟಿಕೆಟ್ ಹಿಡಿದು ಮೊದಲು ಬಂದ ಎಕ್ಸ್‌ಪ್ರೆಸ್‌ಗೆ ಹತ್ತಿದರೆ ಆ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಟಿಟಿಇ ಹಿಡಿದರೆ ದಂಡವೇ ಕನಿಷ್ಠ 250 ರೂಪಾಯಿ, ದರ ಬೇರೆ. "ಗೊತ್ತಿರ್ಲಿಲ್ಲ ಸಾರ್" ಅಂದರೆ ಕೇಳುವವರಿಲ್ಲ.

ರೈಲಿನ ನಂಬರ್ ನೋಡುವ ಅಭ್ಯಾಸ ಮಾಡಿಕೊಳ್ಳಿ. 56ರಿಂದ ಶುರುವಾದರೆ ಪ್ಯಾಸೆಂಜರ್. 16 ಆದರೆ ಎಕ್ಸ್‌ಪ್ರೆಸ್. 12 ಅಥವಾ 22 ಆದರೆ ಸೂಪರ್‌ಫಾಸ್ಟ್, ಅದಕ್ಕೆ ಇನ್ನೂ 15 ರೂಪಾಯಿ ಹೆಚ್ಚು. ಇನ್ನೊಂದು ವಿಷಯ: 200 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ಇಡೀ ದಿನಕ್ಕಲ್ಲ. ತೆಗೆದ ಮೂರು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು, ಅಷ್ಟರಲ್ಲಿ ರೈಲೇ ಇಲ್ಲದಿದ್ದರೆ ಮುಂದಿನ ಮೊದಲ ರೈಲಿಗೆ. ಬೆಳಿಗ್ಗೆ ತೆಗೆದ ಟಿಕೆಟ್‌ನಲ್ಲಿ ಸಂಜೆ ಹೋಗಲಾಗುವುದಿಲ್ಲ. ಕ್ಯೂ ತಪ್ಪಿಸಬೇಕಾದರೆ ರೈಲ್‌ವನ್ ಆ್ಯಪ್ ಉಂಟು, ಜನರಲ್ ಟಿಕೆಟ್ ಅದರಲ್ಲೇ ಸಿಗುತ್ತದೆ. ಆದರೆ ಹಳಿಯ ಪಕ್ಕ ನಿಂತು ತೆಗೆಯಲು ಹೋಗಬೇಡಿ, ಸ್ಟೇಷನ್‌ಗೆ ಬರುವ ಮೊದಲೇ ತೆಗೆದಿಡಿ.

ವಂದೇ ಭಾರತ್: ಬೇಗ ಹೌದು, ಎಲ್ಲರಿಗೂ ಅಲ್ಲ

ಕೇರಳದ ಮೊದಲ ವಂದೇ ಭಾರತ್ 2023ರ ಏಪ್ರಿಲ್ 25ರಂದು ಕಾಸರಗೋಡು–ತಿರುವನಂತಪುರ ನಡುವೆ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಲಪ್ಪುಝ ದಾರಿಯಾಗಿ ಎರಡನೆಯದು ಬಂತು. 2024ರಲ್ಲಿ ಅದನ್ನು ಮಂಗಳೂರು ಸೆಂಟ್ರಲ್‌ವರೆಗೆ ವಿಸ್ತರಿಸಿದರು. ಮಂಜೇಶ್ವರ, ಉಪ್ಪಳ, ಕುಂಬಳೆ ಮೂರರಲ್ಲೂ ನಿಲುಗಡೆ ಇಲ್ಲ. ಮಂಗಲ್ಪಾಡಿಯವರು ಹತ್ತಬೇಕಾದರೆ ಕಾಸರಗೋಡಿಗೋ ಮಂಗಳೂರಿಗೋ ಹೋಗಬೇಕು. ಬೆಳಗ್ಗಿನ ರೈಲಿಗೆ ಬಸ್ಸು ಸಿಗದಿದ್ದರೆ ಆಟೋ ಅಥವಾ ಕಾರಿನ ಖರ್ಚನ್ನೂ ಟಿಕೆಟ್‌ಗೆ ಸೇರಿಸಿ.

ಶುರುವಾದಾಗ ತಿರುವನಂತಪುರ–ಕಾಸರಗೋಡು ದರ ಚೇರ್ ಕಾರ್‌ಗೆ ಸುಮಾರು 1,590, ಎಕ್ಸಿಕ್ಯೂಟಿವ್‌ಗೆ ಸುಮಾರು 2,880 ರೂಪಾಯಿ ಇತ್ತು, ಊಟ ಸೇರಿ. ಊಟ ಬೇಡವೆಂದು ಬುಕ್ ಮಾಡುವಾಗಲೇ ಆರಿಸಿದರೆ ಆ ಹಣ ಕಡಿಮೆಯಾಗುತ್ತದೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವವರು ಇದನ್ನು ಮರೆಯಬೇಡಿ. ಅದೇ ದೂರಕ್ಕೆ ಸ್ಲೀಪರ್ ನಾನೂರರ ಆಸುಪಾಸು, ಜನರಲ್ ಇನ್ನೂರರ ಆಸುಪಾಸು.

ಒಳಗೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ತಂಪು, ಶುಚಿ, ಸೀಟಿಗೆ ಚಾರ್ಜಿಂಗ್, ಎಂಟು ಗಂಟೆಯ ಚಿಲ್ಲರೆಗೆ ತಿರುವನಂತಪುರ. ಒಂದು ಎಚ್ಚರಿಕೆ: ಬಾಗಿಲು ತಾನೇ ಮುಚ್ಚುತ್ತದೆ. ಬೀಳ್ಕೊಡಲು ಬಂದವರು ಲಗೇಜ್ ಇಡಲೆಂದು ಒಳಗೆ ಹತ್ತಿ, ಬಾಗಿಲು ಮುಚ್ಚಿ, ಮುಂದಿನ ಸ್ಟೇಷನ್‌ವರೆಗೆ ಹೋಗಿ ದಂಡ ಕಟ್ಟುವ ಹಾಗೆ ಆಗಬಾರದು.

ಆದರೆ ಇದು ಕೂತು ಹೋಗುವ ರೈಲು. ಕೀಮೋ ಮುಗಿಸಿ ಬರುವವರಿಗೆ, ಬೆನ್ನು ನೋವಿನ ಹಿರಿಯರಿಗೆ ಎಂಟು ಗಂಟೆ ಕೂರುವುದು ಸುಲಭವಲ್ಲ. ಅದಕ್ಕಿಂತ ಮುಖ್ಯ ವಿಷಯ, ವಂದೇ ಭಾರತ್‌ನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ನಾವು ಕೇಳದೆ ಬಿಡುವ ರಿಯಾಯಿತಿಗಳು

2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಿತು. ಮೊದಲು 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಕಡಿತ ಸಿಗುತ್ತಿತ್ತು. ಅದು ಇನ್ನೂ ವಾಪಸ್ ಬಂದಿಲ್ಲ. ಇದರಿಂದಾಗಿ ನಮ್ಮಲ್ಲಿ "ರೈಲಿನಲ್ಲಿ ಈಗ ಏನೂ ಕಡಿಮೆ ಇಲ್ಲ" ಎಂಬ ಮಾತು ಹರಡಿದೆ. ಅದು ತಪ್ಪು. ಅಂಗವಿಕಲರ, ರೋಗಿಗಳ, ವಿದ್ಯಾರ್ಥಿಗಳ ರಿಯಾಯಿತಿ ಆಗಲೂ ನಿಲ್ಲಲಿಲ್ಲ.

ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೋ ತಪಾಸಣೆಗೋ ಹೋಗುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ಅದೇ ಬೋಗಿಯಲ್ಲಿ ಶೇ. 75 ಕಡಿತ. ಕಿಡ್ನಿ ಕಸಿ ಅಥವಾ ಡಯಾಲಿಸಿಸ್‌ಗೆ ಹೋಗುವವರಿಗೆ, ಹೃದಯದ ಆಪರೇಷನ್‌ಗೆ ಹೋಗುವವರಿಗೆ, ತಲಸ್ಸೀಮಿಯಾ ಇರುವವರಿಗೆ ಶೇ. 75, ಜೊತೆಗಾರರಿಗೂ ಅಷ್ಟೇ.

ಈಗ ಲೆಕ್ಕ ನೋಡಿ. ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ಗೆ ರೋಗಿ ಮತ್ತು ಮಗ ವಂದೇ ಭಾರತ್‌ನಲ್ಲಿ ಹೋಗಿ ಬಂದರೆ ಟಿಕೆಟ್‌ಗೇ ಆರು ಸಾವಿರ ದಾಟುತ್ತದೆ. ಅದೇ ಕಾಸರಗೋಡಿನಲ್ಲಿ ಸಂಜೆ ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಸ್ಲೀಪರ್‌ನಲ್ಲಿ ಹತ್ತಿದರೆ ಮಲಗಿಕೊಂಡೇ ಹೋಗಿ ಬೆಳಿಗ್ಗೆ ಇಳಿಯಬಹುದು. ಹೋಗಿ ಬರುವ ಖರ್ಚು ಇಬ್ಬರಿಗೂ ಸೇರಿ ಕೆಲವು ನೂರು ರೂಪಾಯಿ. ಲಾಡ್ಜ್‌ನ ಒಂದು ರಾತ್ರಿಯೂ ಉಳಿಯಿತು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗುವವರಿಗೂ ಇದೇ ರಿಯಾಯಿತಿ ಉಂಟು.

ಬೇಕಾಗಿರುವುದು ಒಂದೇ ಒಂದು ಕಾಗದ. ಚಿಕಿತ್ಸೆ ಕೊಡುವ ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸಿಕೊಂಡು ರಿಸರ್ವೇಶನ್ ಕೌಂಟರ್‌ನಲ್ಲಿ ತೋರಿಸಬೇಕು. ಡಾಕ್ಟರ್ ತಾವಾಗಿಯೇ ಕೊಡುವುದಿಲ್ಲ, ನಾವು ಕೇಳಬೇಕು. ತತ್ಕಾಲ್‌ನಲ್ಲಿ ಈ ರಿಯಾಯಿತಿ ನಡೆಯುವುದಿಲ್ಲ, ಹಾಗಾಗಿ ಮುಂದಿನ ತಪಾಸಣೆಯ ದಿನ ಗೊತ್ತಾದ ಕೂಡಲೇ ಟಿಕೆಟ್ ಮಾಡಿ.

ಮಕ್ಕಳ ವಿಷಯಕ್ಕೆ ಬಂದರೆ, ಮನೆಯಿಂದ ಶಾಲೆ-ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಸೆಕೆಂಡ್ ಕ್ಲಾಸ್ ತಿಂಗಳ ಸೀಸನ್ ಟಿಕೆಟ್ ಉಚಿತ. ಮದ್ರಸ ವಿದ್ಯಾರ್ಥಿಗಳೂ ಇದರಲ್ಲಿ ಸೇರಿದ್ದಾರೆ. ಸಂಸ್ಥೆಯ ಸರ್ಟಿಫಿಕೇಟ್ ಬೇಕು. ಕೆಲಸಕ್ಕೆ ಹೋಗುವವರಿಗೆ ಉಪ್ಪಳ–ಮಂಗಳೂರು ದೂರಕ್ಕೆ ತಿಂಗಳ ಸೀಸನ್ ಇನ್ನೂರು ರೂಪಾಯಿಯ ಆಸುಪಾಸು. ದಿನಾ ಬಸ್ಸಿಗೆ ಕೊಡುವ ಹಣದ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ವೈಟಿಂಗ್ ಲಿಸ್ಟ್, ತತ್ಕಾಲ್

ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಪೆರ್ನಾಳ್‌ಗೆ, ಓಣಂ ರಜೆಗೆ ಊರಿಗೆ ಬರುವವರು ಆ ದಿನವನ್ನೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಆನ್‌ಲೈನ್ ವೈಟಿಂಗ್ ಟಿಕೆಟ್ ಚಾರ್ಟ್ ಆಗುವಾಗಲೂ ಕನ್ಫರ್ಮ್ ಆಗದಿದ್ದರೆ ತಾನೇ ರದ್ದಾಗುತ್ತದೆ. ಕೌಂಟರ್‌ನ ವೈಟಿಂಗ್ ಟಿಕೆಟ್ ಹಿಡಿದು ಸ್ಲೀಪರ್‌ಗೆ ಹತ್ತಿದರೂ ಟಿಟಿಇ ಜನರಲ್‌ಗೆ ಕಳಿಸಬಹುದು, ದಂಡವೂ ಹಾಕಬಹುದು. "ಹೇಗಾದ್ರೂ ಅಡ್ಜಸ್ಟ್ ಆಗ್ತದೆ" ಎಂಬ ಕಾಲ ಹೋಯಿತು.

ತತ್ಕಾಲ್ ಪ್ರಯಾಣದ ಹಿಂದಿನ ದಿನ ತೆರೆಯುತ್ತದೆ: ಎಸಿಗೆ ಬೆಳಿಗ್ಗೆ 10, ನಾನ್ ಎಸಿಗೆ 11 ಗಂಟೆ. ಸ್ಲೀಪರ್‌ಗೆ 100ರಿಂದ 200, ಥರ್ಡ್ ಎಸಿಗೆ 300ರಿಂದ 400 ರೂಪಾಯಿ ಹೆಚ್ಚು. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ಹಣ ವಾಪಸ್ ಇಲ್ಲ. 2025ರ ಜುಲೈಯಿಂದ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸದಿದ್ದರೆ ಆನ್‌ಲೈನ್ ತತ್ಕಾಲ್ ಸಿಗುವುದೇ ಇಲ್ಲ. ಅರ್ಜೆಂಟ್ ಬಂದಾಗ ಒಟಿಪಿಗೆ ಪರದಾಡುವ ಬದಲು ಇವತ್ತೇ ಜೋಡಿಸಿಡಿ.

ಯುವಕರಿಗೆ ಒಂದು ಮಾತು

ಉಪ್ಪಳಕ್ಕೆ ಇನ್ನಷ್ಟು ಎಕ್ಸ್‌ಪ್ರೆಸ್ ನಿಲುಗಡೆ ಬೇಕು, ಹೆಚ್ಚು ಜನರಲ್ ಬೋಗಿ ಬೇಕು, ಹಿರಿಯರ ರಿಯಾಯಿತಿ ಮರಳಬೇಕು ಎಂದು ಕೇಳುವುದು ನಮ್ಮ ಹಕ್ಕು. ಸಂಸದರ ಬಳಿ, ರೈಲ್ವೆಯ ಪಾಲಕ್ಕಾಡ್ ವಿಭಾಗದ ಬಳಿ ಅದನ್ನು ಕೇಳುತ್ತಲೇ ಇರಬೇಕು. ಆದರೆ ಅದು ಬರುವವರೆಗೆ ಇರುವ ಸೌಲಭ್ಯವನ್ನಾದರೂ ನಮ್ಮವರಿಗೆ ಮುಟ್ಟಿಸಬೇಕಲ್ಲವೇ?

ಮೊಬೈಲ್ ಬರುವವನಿಗೆ ಕನ್ಫರ್ಮ್ ಸೀಟು, ಬಾರದ ಉಮ್ಮನಿಗೆ ಜನರಲ್ ಬೋಗಿಯ ಬಾಗಿಲು ಎಂಬ ಸ್ಥಿತಿ ಇವತ್ತು ನಮ್ಮ ನಡುವೆ ಉಂಟು. ಪ್ರತಿ ಊರಿನ ಕ್ಲಬ್‌ನಲ್ಲಿ, ಜಮಾಅತ್‌ನಲ್ಲಿ ಟಿಕೆಟ್ ಮಾಡಲು ತಿಳಿದ ಇಬ್ಬರು ಹುಡುಗರಿದ್ದರೆ ಸಾಕು. ಚಿಕಿತ್ಸೆಗೆ ಸಹಾಯಧನ ಸಂಗ್ರಹಿಸುವಾಗ ರೋಗಿಯ ಮನೆಯವರ ಹತ್ತಿರ ಒಂದು ಪ್ರಶ್ನೆ ಕೇಳಿ: "ರೈಲಿನ ಕನ್ಸೆಶನ್ ಸರ್ಟಿಫಿಕೇಟ್ ಮಾಡಿಸಿದ್ದೀರಾ?" ಹೆಚ್ಚಿನ ಮನೆಗಳಲ್ಲಿ "ಅದು ಎಂತದು?" ಎಂಬ ಉತ್ತರ ಬಂದರೆ ಅಚ್ಚರಿಯಿಲ್ಲ. ಆಗ ಅವರ ಜೊತೆ ಆಸ್ಪತ್ರೆಗೆ ಹೋಗಿ ಆ ಕಾಗದ ಬರೆಸಿ ಕೊಡಿ. ತಿಂಗಳಿಗೆ ಎರಡು ಸಲ ತಿರುವನಂತಪುರಕ್ಕೆ ಹೋಗುವ ಮನೆಗೆ ಅದು ಸಣ್ಣ ಸಹಾಯವಲ್ಲ.