ಚರ್ಚಿನ ನೆಲಮಾಳಿಗೆಯಲ್ಲಿ ಪುಟ್ಟ ಸ್ಕೌಟುಗಳು

ಮಂಗಳವಾರ ಸಂಜೆ ಆರೂವರೆಗೆ ಮೊಮ್ಮಗ ನೀಲಿ ಅಂಗಿ ತೊಟ್ಟು, ಕೊರಳಿಗೆ ಸ್ಕಾರ್ಫ್ ಕಟ್ಟಿ ಬಾಗಿಲ ಬಳಿ ನಿಂತಿದ್ದ. ‘ಅಜ್ಜಾ, ಇವತ್ತು ನಮ್ಮ ಪ್ಯಾಕ್ ಮೀಟಿಂಗು. ನೀನೂ ಬಾ’ ಅಂದ. ಸ್ಕಾರ್ಫ್ ಕಂಡಿದ್ದೇ ತಡ, ನನ್ನ ಬಲಗೈ ತಾನಾಗಿಯೇ ಮೂರು ಬೆರಳು ಜೋಡಿಸಿ ಹಣೆಗೆ ಹೋಯಿತು. ಹರಿಹರದ ಹತ್ತಿರದ ಹೈಸ್ಕೂಲಿನಲ್ಲಿ 22 ವರ್ಷ ಸ್ಕೌಟ್ ಮೇಷ್ಟ್ರಾಗಿದ್ದವನು ನಾನು. ಕೊಂಡಜ್ಜಿ ಶಿಬಿರದಲ್ಲಿ ಎಷ್ಟು ಸಲ ಡೇರೆ ಹಾಕಿಸಿದ್ದೇನೋ ಲೆಕ್ಕವಿಲ್ಲ. ಅವನು ನನ್ನನ್ನು ನೋಡಿ ನಕ್ಕು ಎರಡೇ ಬೆರಳು ಎತ್ತಿದ. ಅಲ್ಲಿ ಕಬ್‌ಗಳಿಗೆ ಎರಡೇ ಬೆರಳಂತೆ!

ಇದು 2023ರ ಸೆಪ್ಟೆಂಬರ್ ಮಾತು. ಆರು ತಿಂಗಳಿಗೆಂದು ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೀಟಿಂಗು ಶಾಲೆಯಲ್ಲಿ ಇರುತ್ತದೆಂದು ನಾನಂದುಕೊಂಡರೆ, ಅಳಿಯ ಕಾರು ನಿಲ್ಲಿಸಿದ್ದು ಒಂದು ಮೆಥಡಿಸ್ಟ್ ಚರ್ಚಿನ ಹಿಂಬಾಗಿಲಿನಲ್ಲಿ. ಮೆಟ್ಟಿಲಿಳಿದರೆ ನೆಲಮಾಳಿಗೆ. ಅಲ್ಲಿ 26 ಮಕ್ಕಳು, ಗಂಡು ಹೆಣ್ಣು ಎರಡೂ, ‘ಅಕೇಲಾ’ ಎಂದು ಕೂಗುತ್ತಿದ್ದರು. ಅದು ಕಿಪ್ಲಿಂಗ್ ಬರೆದ ‘ಜಂಗಲ್ ಬುಕ್’ ಕತೆಯ ತೋಳಗಳ ನಾಯಕನ ಹೆಸರು. 1916ರಲ್ಲಿ ಬೇಡನ್ ಪೊವೆಲ್ ಪುಟ್ಟ ಮಕ್ಕಳಿಗಾಗಿ ಕಬ್ ದಳ ಕಟ್ಟಿದಾಗ ಆ ಕತೆಯನ್ನೇ ಎತ್ತಿಕೊಂಡರು. ‘ಅಕೇಲಾ ಅಂದ್ರೆ ಹಿಂದಿಯಲ್ಲಿ ಒಂಟಿ ಅಂತ ಕಣೋ’ ಎಂದು ಮೊಮ್ಮಗನಿಗೆ ಹೇಳಿದೆ. ಅವನು ಆ ಸುದ್ದಿಯನ್ನು ಇಡೀ ಪ್ಯಾಕಿಗೆ ಹಂಚಿಬಂದ.

ನಮ್ಮಲ್ಲಿ ಸ್ಕೌಟು ಎಂದರೆ ಶಾಲೆಯ ಸಂಗತಿ. ಭಾರತದ ಮೊದಲ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಅದನ್ನು ಶುರು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಹೆಡ್‌ಮೇಷ್ಟ್ರು ಒಪ್ಪಿದರೆ ದಳ ಇರುತ್ತದೆ, ಮೇಷ್ಟ್ರಿಗೆ ವರ್ಗವಾದರೆ ದಳವೂ ಬಡವಾಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದು ಚರ್ಚೋ, ಸೇವಾ ಸಂಘವೋ ದಳವನ್ನು ತನ್ನದೆಂದು ಒಪ್ಪಿಕೊಂಡು ಪತ್ರಕ್ಕೆ ಸಹಿ ಹಾಕಬೇಕು. ಚಾರ್ಟರ್ ಎಂಬ ಆ ಪತ್ರ ಪ್ರತಿವರ್ಷ ಹೊಸದಾಗಬೇಕು. ಸೇರಲು ಜಾಗ ಕೊಡುವುದು, ಮಕ್ಕಳನ್ನು ನೋಡಿಕೊಳ್ಳುವ ದೊಡ್ಡವರನ್ನು ಒಪ್ಪುವುದು ಅವರ ಹೊಣೆ. ಒಂದು ರೀತಿಯಲ್ಲಿ ದಳ ಆ ಚರ್ಚಿನ ಮಗು.

ಆದರೆ ಈ ಮಗುವಿಗೆ ತನ್ನ ಮನೆಯವರ ಮುಖವೇ ಗೊತ್ತಿರಲಿಲ್ಲ. ಪ್ಯಾಕಿನ ಮುಖ್ಯಸ್ಥೆ ನರ್ಸ್ ಕೆಲಸದಲ್ಲಿದ್ದ ಹೆಂಗಸು, ಬಹಳ ಚುರುಕು. ‘ಮೇಲೆ ಚರ್ಚ್ ಹೇಗಿದೆ?’ ಎಂದು ಕೇಳಿದೆ. ‘ನೋಡೇ ಇಲ್ಲ, ನಮ್ಮ ಹತ್ತಿರ ಹಿಂಬಾಗಿಲ ಕೀ ಇದೆ’ ಎಂದರು. ಚರ್ಚು ಮತ್ತು ಸ್ಕೌಟುಗಳ ನಡುವೆ ಕೊಂಡಿಯಾಗಿರಲು ಚರ್ಚಿನವರೇ ಒಬ್ಬರನ್ನು ನೇಮಿಸಬೇಕೆಂಬ ನಿಯಮವಿದೆ. ಆ ಕೆಲಸ ಮಾಡುತ್ತಿದ್ದ ಹಿರಿಯರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕೆಳಗಿನವರ ಮಾತು ಮೇಲೆ ಹೋಗುತ್ತಿರಲಿಲ್ಲ. ಮೇಲಿನಿಂದ ಬರುತ್ತಿದ್ದುದು ಗೋಡೆಗೆ ಅಂಟಿಸಿದ ಚೀಟಿಗಳು ಮಾತ್ರ: ‘ಮೇಜಿನ ಮೇಲೆ ಅಂಟು ಬಿಡಬೇಡಿ’, ‘ದೀಪ ಆರಿಸಿ ಹೋಗಿ’.

ಅಕ್ಟೋಬರ್‌ನಲ್ಲಿ ಬಂದದ್ದು ಚೀಟಿಯಲ್ಲ, ಕಾಗದ. ಫೆಬ್ರವರಿಯಲ್ಲಿ ಚರ್ಚಿನ ಸಮಿತಿ ಸೇರಿ ಈ ಪ್ಯಾಕನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತದೆ ಎಂದು ಬರೆದಿತ್ತು.

ಅವರಿಗೂ ಕಾರಣವಿತ್ತು. ಆ ದೇಶದ ಸ್ಕೌಟ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತ್ತು. ಹಿಂದಿನ ದಶಕಗಳಲ್ಲಿ ದಳಗಳಲ್ಲಿದ್ದಾಗ ದೊಡ್ಡವರಿಂದ ದೌರ್ಜನ್ಯಕ್ಕೆ ಒಳಗಾದೆವೆಂದು 80 ಸಾವಿರಕ್ಕೂ ಹೆಚ್ಚು ಜನ ನ್ಯಾಯ ಕೇಳಿ ಮುಂದೆ ಬಂದರು. ಪತ್ರದಲ್ಲಿ ಹೆಸರಿದ್ದರೆ ಹೊಣೆಯೂ ಇರುತ್ತದೆ ಎಂಬುದು ಚರ್ಚುಗಳಿಗೆ ಆಗ ಮನವರಿಕೆಯಾಯಿತು. ಎಲ್ಲರಿಗಿಂತ ಹೆಚ್ಚು ದಳಗಳನ್ನು ಸಾಕುತ್ತಿದ್ದ ಮಾರ್ಮನ್ ಚರ್ಚ್ ಅದಕ್ಕೆ ಮೊದಲೇ, 2019ರ ಕೊನೆಗೆ, ತನ್ನದೇ ಬೇರೆ ಕಾರ್ಯಕ್ರಮಕ್ಕಾಗಿ ಸ್ಕೌಟಿಂಗನ್ನು ಬಿಟ್ಟಿತ್ತು. ಈಗ ಮೆಥಡಿಸ್ಟ್ ಚರ್ಚುಗಳ ಮುಂದೆ ಮೂರು ದಾರಿಗಳಿದ್ದವು: ದಳವನ್ನು ತಮ್ಮದಾಗಿಯೇ ಇಟ್ಟುಕೊಳ್ಳುವುದು, ಬರೀ ಜಾಗ ಕೊಡುವುದು, ಇಲ್ಲವೇ ಹೋಗಿಬನ್ನಿ ಎನ್ನುವುದು. ತಪ್ಪು ಅವರದಲ್ಲ ಎಂದೇ ಈಗಲೂ ನನಗನ್ನಿಸುತ್ತದೆ. ಗುರುತಿಲ್ಲದ ಮಕ್ಕಳ ಹೊಣೆ ಯಾರು ಹೊರುತ್ತಾರೆ?

ಪ್ಯಾಕಿನ ಮುಖ್ಯಸ್ಥೆ ಮೊದಲ ಸಲ ಮೆಟ್ಟಿಲು ಹತ್ತಿ ಪಾದ್ರಿಯನ್ನು ಕಂಡರು. ಜೊತೆಗೆ ನಾನೂ ಹೋದೆ, ಮುದುಕರಿಗೆ ಎಲ್ಲ ಕಡೆ ಕುರ್ಚಿ ಸಿಗುತ್ತದೆ. ಪಾದ್ರಿಯೂ ಒಬ್ಬ ಹೆಂಗಸು. ಕೇಳಿದ್ದು ಒಂದೇ ಮಾತು: ‘ನನ್ನ ಸಭೆಯವರಲ್ಲಿ ಯಾರ ಹೆಸರಾದರೂ ಮಕ್ಕಳಿಗೆ ಗೊತ್ತೇ?’ ನಾವು ಸುಮ್ಮನೆ ಕೂತೆವು. ಅವರು ಸಿಟ್ಟಾಗಲಿಲ್ಲ. ಸಭೆಯಲ್ಲಿದ್ದ ಒಬ್ಬ ನಿವೃತ್ತ ಬಡಗಿಯನ್ನು ಕೊಂಡಿಯಾಗಿ ನೇಮಿಸಿದರು.

ಬಡಗಿಯಜ್ಜ ಮಾತು ಕಡಿಮೆಯ ಮನುಷ್ಯ. ಬಂದವರೇ ಒಂದು ಪಟ್ಟಿ ಕೊಟ್ಟರು: ಅಂಗಳದಲ್ಲಿ ಬಿದ್ದ ಎಲೆ ಗುಡಿಸಲಾಗದ ಏಳು ಮನೆಗಳು, ಎಲ್ಲವೂ ಚರ್ಚಿನ ವಯಸ್ಸಾದವರವು. ಮೂರು ಶನಿವಾರ ಮಕ್ಕಳು ಕುಂಟೆಯಂಥ ಕೋಲು ಹಿಡಿದು ಎಲೆ ರಾಶಿ ಹಾಕಿದರು. ಅರ್ಧ ಹೊತ್ತು ಆ ರಾಶಿಯೊಳಗೇ ಹಾರಿ ಬೀಳುತ್ತಿದ್ದರು ಅನ್ನಿ! ಅಲ್ಲೇ ಗೊತ್ತಾದದ್ದು, ಮೇಜಿನ ಅಂಟಿನ ಬಗ್ಗೆ ಚೀಟಿ ಬರೆಯುತ್ತಿದ್ದ ಅಜ್ಜಿ ಯಾರೆಂದು. ಅವರು ಮೊಮ್ಮಗನಿಗೆ ಬಿಸಿ ಚಾಕೊಲೇಟ್ ಹಾಲು ಕೊಟ್ಟು ಅವನ ಹೆಸರನ್ನು ನಾಲ್ಕು ಸಲ ಹೇಳಿ ಕಲಿತರು.

ನವೆಂಬರ್‌ನಲ್ಲಿ ಆಹಾರ ಸಂಗ್ರಹ. ಒಂದು ಶನಿವಾರ ಮನೆಮನೆಯ ಬಾಗಿಲಿಗೆ ಖಾಲಿ ಚೀಲ ಸಿಕ್ಕಿಸುವುದು, ಮುಂದಿನ ಶನಿವಾರ ತುಂಬಿದ ಚೀಲ ತರುವುದು. ಅಲ್ಲಿನ ಸ್ಕೌಟುಗಳು 1988ರಿಂದ ಇದನ್ನು ದೇಶದಾದ್ಯಂತ ಮಾಡುತ್ತಾ ಬಂದಿದ್ದಾರೆ. ನಮ್ಮ ಪ್ಯಾಕ್ ತಂದ ಡಬ್ಬಿಗಳು ಚರ್ಚಿನದೇ ದಾನದ ಕಪಾಟಿಗೆ ಹೋದವು. ‘ಅಮೆರಿಕದಲ್ಲೂ ಊಟ ಇಲ್ಲದೋರು ಇದಾರಾ ಅಜ್ಜಾ?’ ಎಂದ ಮೊಮ್ಮಗ. ಕಪಾಟು ಎರಡು ವಾರದಲ್ಲಿ ಖಾಲಿಯಾದದ್ದನ್ನು ಅವನೇ ನೋಡಿದ.

ನಿಜವಾದ ಮಜಾ ಜನವರಿಯಲ್ಲಿ. ಮಕ್ಕಳೇ, ‘ಪೈನ್‌ವುಡ್ ಡರ್ಬಿ’ ಬಗ್ಗೆ ಕೇಳಿದ್ದೀರಾ? ಪ್ರತಿ ಕಬ್‌ಗೂ ಏಳು ಇಂಚಿನ ಒಂದು ಪೈನ್ ಮರದ ತುಂಡು, ನಾಲ್ಕು ಚಕ್ರ, ನಾಲ್ಕು ಮೊಳೆ ಕೊಡುತ್ತಾರೆ. ಅದರಿಂದ ಕಾರು ಮಾಡಬೇಕು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರಿನಿಂದ ಬಿಟ್ಟರೆ ತಾನೇ ಓಡಬೇಕು. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಹಗುರವಾದರೆ ಹಿಂದೆ ಬೀಳುತ್ತದೆ, ಹಾಗಾಗಿ ಎಲ್ಲರೂ ನಾಣ್ಯ ಅಂಟಿಸಿ ತೂಕವನ್ನು ಅಂಚಿಗೆ ತರುತ್ತಾರೆ. 1953ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ಯಾಕ್ ಶುರು ಮಾಡಿದ ಆಟ ಇದು.

ನಮ್ಮ ಮನೆಯ ತೊಂದರೆ ಏನೆಂದರೆ, ಅಪಾರ್ಟ್‌ಮೆಂಟಿನಲ್ಲಿ ಗರಗಸವೇ ಇಲ್ಲ. ಅಳಿಯನಿಗೆ ಕೀಬೋರ್ಡ್ ಬಿಟ್ಟರೆ ಬೇರೆ ಆಯುಧ ಗೊತ್ತಿಲ್ಲ. ಬಡಗಿಯಜ್ಜ ತಮ್ಮ ಗ್ಯಾರೇಜಿನ ಬಾಗಿಲು ತೆರೆದರು. ಎರಡು ಶನಿವಾರ ಹತ್ತು ಹನ್ನೆರಡು ಮಕ್ಕಳು ಅಲ್ಲಿ ಉಜ್ಜಿದ್ದೇ ಉಜ್ಜಿದ್ದು. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಲೇಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಆ ಎರಡನೆಯ ಕುರ್ಚಿಯಲ್ಲಿ ನಾನು ಕೂತಿದ್ದೆ. ನಮ್ಮ ಕಾಲದಲ್ಲಿ ಇಂಥ ನಿಯಮ ಇರಲಿಲ್ಲ, ಇರಬೇಕಿತ್ತು.

ಓಟದ ದಿನ ನೆಲಮಾಳಿಗೆ ತುಂಬಿತ್ತು. ಎಲೆ ಗುಡಿಸಿಸಿಕೊಂಡ ಅಜ್ಜ ಅಜ್ಜಿಯರೆಲ್ಲ ಬಂದಿದ್ದರು. ದೊಡ್ಡವರ ಪಂದ್ಯದಲ್ಲಿ ಚೀಟಿ ಅಜ್ಜಿ ಗುಲಾಬಿ ಬಣ್ಣದ ಕಾರು ತಂದು ಪಾದ್ರಿಯ ಕಾರನ್ನು ಎರಡು ಸಲ ಸೋಲಿಸಿದರು. ಮೊಮ್ಮಗನ ಕಾರಿನ ಚಕ್ರವೊಂದು ನಡುದಾರಿಯಲ್ಲಿ ಕಳಚಿ ಬಿತ್ತು. ಅವನು ಅತ್ತ. ಬಡಗಿಯಜ್ಜ ಸಮಾಧಾನ ಹೇಳಲಿಲ್ಲ, ಸುತ್ತಿಗೆ ಕೊಟ್ಟರು.

ಇನ್ನೊಂದು ವಿಷಯವನ್ನು ಮುಚ್ಚಿಡುವುದಿಲ್ಲ. ಫೆಬ್ರವರಿ 8 ಅಲ್ಲಿನ ಸಂಸ್ಥೆ 1910ರಲ್ಲಿ ಹುಟ್ಟಿದ ದಿನ. ಅದರ ಆಸುಪಾಸಿನ ಒಂದು ಭಾನುವಾರ ಸ್ಕೌಟುಗಳು ಸಮವಸ್ತ್ರದಲ್ಲಿ ಚರ್ಚಿಗೆ ಹೋಗುತ್ತಾರೆ. ಮಗಳು ಕೇಳಿದಳು: ‘ಅಪ್ಪಾ, ನಾವೂ ಹೋಗಬೇಕಾ? ಊರಲ್ಲಿ ಕೇಳಿದವರು ಏನಂದಾರು?’ ನನಗೂ ಮುಜುಗರವಿತ್ತು. ನೇರವಾಗಿ ಪಾದ್ರಿಯನ್ನೇ ಕೇಳಿದೆ. ‘ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸಲಿ. ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ಕೂರಬಹುದು. ಅದೂ ಬೇಡವೆಂದರೆ ತಿಂಡಿಗೆ ಬನ್ನಿ’ ಎಂದರು. ಸ್ಕೌಟ್ ನಿಯಮವೇ ದೇವರಲ್ಲಿ ಭಕ್ತಿ ಇರಲಿ, ಬೇರೆಯವರ ನಂಬಿಕೆಗೆ ಗೌರವ ಇರಲಿ ಎನ್ನುತ್ತದೆ. ಹಿಂದೂ ಮಕ್ಕಳಿಗೆಂದು ಅಲ್ಲಿ ‘ಧರ್ಮ’ ಎಂಬ ಪದಕವೂ ಇದೆ. ಚಳಿಗಾಲವಿಡೀ ನಾನೂ ಮೊಮ್ಮಗನೂ ಅದಕ್ಕಾಗಿ ಕೂತು ಕಲಿತಿದ್ದೆವು. ಎರಡು ಕುಟುಂಬಗಳು ತಿಂಡಿಗಷ್ಟೇ ಬಂದವು, ಒಂದು ಬರಲೇ ಇಲ್ಲ. ಯಾರೂ ಏನೂ ಅನ್ನಲಿಲ್ಲ. ನಮ್ಮ ಹುಡುಗ ಪದಕ ಹಾಕಿಕೊಂಡು ಬಾಗಿಲಲ್ಲಿ ನಿಂತ. ಹಿರಿಯರು ಬಂದಂತೆ ಏನು ಮಾಡಬೇಕೆಂದು ತೋಚದೆ ಕೈ ಮುಗಿದ. ಚೀಟಿ ಅಜ್ಜಿಯೂ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿದರು.

ಸಮಿತಿ ಸೇರಿದ್ದು ಆಮೇಲಿನ ವಾರ. ಎರಡು ಗಂಟೆ ಚರ್ಚೆಯಾಯಿತಂತೆ, ಎಲ್ಲರೂ ಒಪ್ಪಲಿಲ್ಲವಂತೆ. ಕೊನೆಗೆ ಈ ವರ್ಷಕ್ಕೆ ಸಹಿ ಹಾಕುವುದು, ದೊಡ್ಡವರೆಲ್ಲ ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಿದ ದಾಖಲೆ ಚರ್ಚಿಗೂ ಕೊಡುವುದು, ಮುಂದಿನ ವರ್ಷ ಮತ್ತೆ ಕೂತು ನೋಡುವುದು ಎಂದಾಯಿತು. ‘ಒಂದೇ ವರ್ಷವಾ?’ ಎಂದು ಪ್ಯಾಕಿನ ಮುಖ್ಯಸ್ಥೆಗೆ ಬೇಸರ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದ ನನಗೆ ಒಂದು ವರ್ಷ ಬಹಳವೇ ಅನ್ನಿಸಿತು.

ಮಾರ್ಚ್‌ನಲ್ಲಿ ಊರಿಗೆ ಹೊರಡುವ ಮುಂಚಿನ ಮಂಗಳವಾರ ಕೊನೆಯ ಸಲ ಹೋದೆ. ಈ ಸಲ ಮುಂಬಾಗಿಲಿನಿಂದ. ಬಡಗಿಯಜ್ಜ ಸ್ಕೌಟುಗಳ ರೂಢಿಯಂತೆ ಎಡಗೈ ಚಾಚಿದರು, ನಾನೂ ಎಡಗೈಯನ್ನೇ ಕೊಟ್ಟೆ. ಕೆಳಗೆ ಮಕ್ಕಳು ತಗಡಿನ ಪಟ್ಟಿ ಹಿಡಿದು ಮೇಜುಗಳ ಮೇಲಿನ ಹಳೆಯ ಅಂಟನ್ನು ಕೆರೆಯುತ್ತಿದ್ದರು. ಮೊಮ್ಮಗ ತಲೆ ಎತ್ತಿ ನೋಡಿ, ‘ಅಜ್ಜಾ, ಇದು ನಾನು ಸೇರೋಕೆ ಮುಂಚಿಂದು, ನಂದಲ್ಲ’ ಎಂದ. ಕೆರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.