ಕ್ಷಯವೂ ಕಫಪರೀಕ್ಷೆಯೂ

ಎರಡು ವಾರಗಳಾದರೂ ಬಿಡದ ಕೆಮ್ಮನ್ನು ಹವೆಯ ದೋಷವೆಂದೋ ಧೂಳಿನ ದೋಷವೆಂದೋ ತಳ್ಳಿಹಾಕುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮಾರ್ಕಯನ್‌ಕೋಟ್ಟೈಯಿಂದ ಚಿನ್ನಮನೂರಿಗೆ ಹೋದಾಗ ಒಂದು ಸೀಸೆ ಕೆಮ್ಮಿನ ಔಷಧವನ್ನೂ ನಾಲ್ಕು ಮಾತ್ರೆಗಳನ್ನೂ ಕೊಂಡು ತಂದರೆ ಹಿರಿಯರಿಗೆ ಸಮಾಧಾನ. ಆ ಕೆಮ್ಮು ಕ್ಷಯದ್ದಾಗಿದ್ದರೆ ಇದರಿಂದ ಕೇಡು ಎರಡು ಬಗೆಯದು: ರೋಗವು ಗುಪ್ತವಾಗಿಯೇ ಉಳಿಯಬಹುದು, ರೋಗಾಣುವು ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

ಈ ಎರಡನೆಯ ಕೇಡನ್ನು ವೈದ್ಯಲೋಕವು ಬಹಳ ಹಿಂದೆಯೇ ಕಂಡಿತು. ಕ್ಷಯಾಣುವನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು 1943ರಲ್ಲಿ ದೊರೆಯಿತು. ಬ್ರಿಟನ್ನಿನಲ್ಲಿ ಅದೊಂದನ್ನೇ ಕೊಟ್ಟು ನಡೆಸಿದ ಪ್ರಯೋಗದ ವರದಿ 1948ರಲ್ಲಿ ಹೊರಬಂದಿತು. ಮೊದಮೊದಲು ಚೇತರಿಸಿಕೊಂಡವರಲ್ಲಿ ಅನೇಕರ ರೋಗಾಣುಗಳು ಕೆಲವೇ ತಿಂಗಳಲ್ಲಿ ಆ ಔಷಧವನ್ನು ಲೆಕ್ಕಿಸದಾಗಿದ್ದುವು. ಇದಕ್ಕೆ ಔಷಧನಿರೋಧವೆಂದು ಹೆಸರು. ನಿರೋಧವನ್ನು ಪಡೆಯುವುದು ರೋಗಿಯ ದೇಹವಲ್ಲ, ರೋಗಾಣು. ಇದನ್ನು ಅನೇಕರು ತಪ್ಪಾಗಿ ತಿಳಿದಿರುತ್ತಾರೆ.

ಇದು ಹೇಗೆಂಬುದನ್ನು ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಸಿಂಪಡಿಸಿದರೆ ಬದುಕಿ ಉಳಿದ ಕೆಲವು ಹುಳುಗಳ ಸಂತತಿಯೇ ತೋಟವನ್ನು ತುಂಬುತ್ತದೆ. ಕೆಟ್ಟ ಶ್ವಾಸಕೋಶದೊಳಗೆ ಕ್ಷಯಾಣುಗಳು ಕೋಟಿಗಟ್ಟಲೆ ಇರುತ್ತವೆ. ಅವುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಐಸೋನಿಯಾಜಿಡ್ ಎಂಬ ಔಷಧಕ್ಕೆ ಹುಟ್ಟಿನಿಂದಲೇ ಜಗ್ಗದು. ಒಂದೇ ಔಷಧವನ್ನು ಕೊಟ್ಟರೆ ಉಳಿದವು ಸತ್ತು ಇವೇ ಬೆಳೆಯುತ್ತವೆ. ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎಲ್ಲವನ್ನೂ ತಪ್ಪಿಸಿಕೊಳ್ಳಬಲ್ಲ ರೋಗಾಣು ಇರುವುದು ಬಲು ಅಪರೂಪ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು, ಮನೆಯಲ್ಲಿಯೇ ಔಷಧ ಸೇವಿಸಿದ ರೋಗಿಗಳೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು 1959ರಲ್ಲಿ ಜಗತ್ತಿಗೆ ತಿಳಿಸಿತು. ಒಂದೇ ಔಷಧಕ್ಕಿಂತ ಎರಡರ ಜೋಡಿಯೇ ಲೇಸೆಂಬುದನ್ನು ಮರುವರ್ಷ ತೋರಿಸಿತು.

ಔಷಧವೇನೋ ಸಿದ್ಧವಾಯಿತು, ರೋಗಿಯನ್ನು ಗುರುತಿಸುವ ಬಗೆ ಹೇಗೆ? ಇದಕ್ಕೆ ಉತ್ತರವು ಕನ್ನಡ ನಾಡಿನ ತುಮಕೂರು ಜಿಲ್ಲೆಯಿಂದ ಬಂದಿತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ಅಲ್ಲಿನ ಹಳ್ಳಿಗಳ ಕ್ಷಯರೋಗಿಗಳನ್ನು ವಿಚಾರಿಸಿ 1963ರಲ್ಲಿ ವರದಿಯನ್ನು ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಅಂದಿನ ನಂಬಿಕೆ. ಆದರೆ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ದೇಹಸ್ಥಿತಿಯ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿಯೂ ಹೋಗಿದ್ದರು. ಬಂದವರಲ್ಲಿ ಬಹುಮಂದಿಯ ಕೈಗೆ ಒಂದು ಸೀಸೆ ಕೆಮ್ಮಿನ ಔಷಧವನ್ನಿತ್ತು ಕಳುಹಲಾಗಿತ್ತು! ತಪ್ಪು ಯಾರದೆಂದು ವಾಚಕರೇ ನಿರ್ಣಯಿಸಬಹುದು. ಕೆಮ್ಮಿ ಬಂದವನ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಸೂಕ್ಷ್ಮದರ್ಶಕದಿಂದ ನೋಡುವ ಏರ್ಪಾಡು ಆ ಸಂಸ್ಥೆಯ ಶ್ರಮದಿಂದಲೇ ದೇಶದಲ್ಲಿ ಹಬ್ಬಿತು.

ಸೂಕ್ಷ್ಮದರ್ಶಕಕ್ಕೂ ಮಿತಿಯುಂಟು. ಕಫದಲ್ಲಿ ರೋಗಾಣುಗಳು ವಿರಳವಾಗಿದ್ದರೆ ಅದು ಕಾಣದು. ಕಂಡ ರೋಗಾಣುವು ಯಾವ ಔಷಧಕ್ಕೆ ಜಗ್ಗದೆಂಬುದನ್ನು ಹೇಳಲಾರದು. ರೋಗಾಣುಗಳನ್ನು ಬೆಳೆಸಿ ನೋಡಲು ವಾರಗಟ್ಟಲೆ ಕಾಲ ಬೇಕು. ಜೀನ್‌ಎಕ್ಸ್‌ಪರ್ಟ್ ಯಂತ್ರವು ರೋಗಾಣುವಿನ ವಂಶವಾಹಿಯನ್ನು ಪರೀಕ್ಷಿಸಿ, ಕ್ಷಯವುಂಟೇ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ನಿರೋಧವುಂಟೇ ಎಂಬುದನ್ನು ಎರಡು ಗಂಟೆಗಳೊಳಗೆ ತಿಳಿಸುತ್ತದೆ. ನಮ್ಮ ದೇಶದಲ್ಲಿಯೇ ರೂಪುಗೊಂಡ ಟ್ರೂನ್ಯಾಟ್ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತದ್ದು 2020ರಲ್ಲಿ.

ಪರೀಕ್ಷೆಯೆಂಬ ಹೆಸರಿನದೆಲ್ಲವೂ ಪರೀಕ್ಷೆಯಲ್ಲ. ರಕ್ತದ ತೊಟ್ಟಿನಿಂದ ಕ್ಷಯವನ್ನು ತಿಳಿಸುವೆವೆಂದು ಮಾರುತ್ತಿದ್ದ ಪ್ರತಿಕಾಯ ಪರೀಕ್ಷೆಗಳು ಇಲ್ಲದ ರೋಗವನ್ನು ಉಂಟೆಂದೂ ಇದ್ದುದನ್ನು ಇಲ್ಲವೆಂದೂ ಹೇಳುತ್ತಿದ್ದುದರಿಂದ ಭಾರತ ಸರ್ಕಾರವು 2012ರಲ್ಲಿ ಅವನ್ನು ನಿಷೇಧಿಸಿತು. ಕ್ಷಯದ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಬಿಗಿಯಾದ ನಿಯಮವು 2014ರಿಂದ ಜಾರಿಯಲ್ಲಿದೆ. ಆದರೂ ಸಾಮಾನ್ಯ ಕೆಮ್ಮಿಗೆಂದು ನುಂಗುವ ಕೆಲವು ಮಾತ್ರೆಗಳು ಕ್ಷಯಾಣುವನ್ನು ಅರ್ಧಂಬರ್ಧ ಅಡಗಿಸಿ ರೋಗಿಯನ್ನು ವಂಚಿಸುತ್ತವೆ.

ಕಫಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಾಮಾನ್ಯವಾಗಿ ಎರಡು ಸಲ ಕಫವನ್ನು ಕೇಳುತ್ತಾರೆ: ಹೋದಾಗ ಅಲ್ಲಿಯೇ ಒಮ್ಮೆ, ಮುಂಜಾನೆ ಎದ್ದೊಡನೆ ಮತ್ತೊಮ್ಮೆ. ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಉಗುಳಬೇಕು. ಬರಿಯ ಎಂಜಲನ್ನು ಕೊಟ್ಟರೆ ಎಂತಹ ಯಂತ್ರವೂ ರೋಗವನ್ನು ಕಾಣಲಾರದು.