ಸರ್ವರ್‌ಗೆ ಹೊರಗಿನ ಡಿಸ್ಕ್, ರ‍್ಯಾಮ್ ಹಾಕಿದರೆ ವಾರಂಟಿ ಪೂರ್ತಿ ಹೋಗುತ್ತದೆಯೇ?

ಕಂಪ್ಯೂಟರ್ ಮಾರುವವರ, ರಿಪೇರಿ ಮಾಡುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. ಬ್ರ್ಯಾಂಡೆಡ್ ಸರ್ವರ್‌ಗೆ ಬೇರೆ ಕಂಪನಿಯ ರ‍್ಯಾಮ್ ಅಥವಾ ಹಾರ್ಡ್ ಡಿಸ್ಕ್ ಹಾಕಿದ ದಿನವೇ ವಾರಂಟಿ ರದ್ದು ಎಂಬುದು ಒಂದು. ಒಳಗಿನ ಮಾಲು ಎಲ್ಲ ಒಂದೇ, ಸ್ಟಿಕ್ಕರ್‌ಗೆ ಸುಮ್ಮನೆ ದುಡ್ಡು ಕೊಡಬೇಡಿ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ದುಡ್ಡೋ ಡೇಟಾವೋ ಹೋಗಬಹುದು.

ಸರ್ವರ್ ಎಂದ ಕೂಡಲೇ ದೊಡ್ಡ ಡೇಟಾ ಸೆಂಟರ್ ಎಂದುಕೊಳ್ಳಬೇಡಿ. ಸಹಕಾರ ಸಂಘದ ಕಚೇರಿಯಲ್ಲಿ, ಆಡಿಟರ್ ಬಳಿ, ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಮೂಲೆಯಲ್ಲಿ ಗುಂಯ್‌ಗುಡುತ್ತಿರುವ ಪೆಟ್ಟಿಗೆಯೂ ಸರ್ವರ್ರೇ. ಸದಸ್ಯರ ಠೇವಣಿ ಲೆಕ್ಕ, ರೋಗಿಗಳ ವರದಿ ಎಲ್ಲ ಅದರೊಳಗೆ ಇರುತ್ತದೆ.

ಮೊದಲು ಸ್ಟಿಕ್ಕರ್ ವಿಷಯ. ಡೆಲ್, ಎಚ್‌ಪಿಇ, ಲೆನೊವೊ ಹಾರ್ಡ್ ಡಿಸ್ಕ್ ತಯಾರಿಸುವುದಿಲ್ಲ. ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೊಷಿಬಾದಿಂದ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತವೆ. ರ‍್ಯಾಮ್ ಚಿಪ್‌ಗಳೂ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳದ್ದು. ಹಾಗಾದರೆ ಹೆಚ್ಚಿನ ಬೆಲೆ ಯಾತಕ್ಕೆ? ಆ ಡಿಸ್ಕ್‌ಗಳಲ್ಲಿ ಸರ್ವರ್ ಕಂಪನಿಯೇ ಪರೀಕ್ಷಿಸಿದ ಫರ್ಮ್‌ವೇರ್, ಅಂದರೆ ಡಿಸ್ಕ್ ಒಳಗೇ ಕೂತು ಅದನ್ನು ನಡೆಸುವ ಪುಟ್ಟ ತಂತ್ರಾಂಶ, ಇರುತ್ತದೆ. ಕೆಟ್ಟರೆ ಅದೇ ಕಂಪನಿ ಬದಲಿ ಕೊಡುತ್ತದೆ. ಇದಕ್ಕೆ ಬೆಲೆ ಇಲ್ಲವೆನ್ನಲಾಗದು. ಆದರೆ ಕಂಪನಿಗಳು ಇದನ್ನೇ ಬೀಗ ಮಾಡಿಕೊಂಡದ್ದೂ ಉಂಟು. 2010ರಲ್ಲಿ ಡೆಲ್ ತನ್ನ ಹೊಸ ಪವರ್‌ಎಡ್ಜ್ ಸರ್ವರ್‌ಗಳ ರೇಡ್ ಕಾರ್ಡ್‌ಗಳಲ್ಲಿ ಹೊರಗಿನ ಡಿಸ್ಕ್ ನಡೆಯದಂತೆ ಮಾಡಿತ್ತು. ಗ್ರಾಹಕರು ಗಲಾಟೆ ಎಬ್ಬಿಸಿದ ಮೇಲೆ ಕೆಲವೇ ತಿಂಗಳಲ್ಲಿ ಆ ನಿರ್ಬಂಧ ತೆಗೆಯುವುದಾಗಿ ಹೇಳಬೇಕಾಯಿತು.

ಇನ್ನು ವಾರಂಟಿ. ವಾರಂಟಿ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತು ಇಷ್ಟು: ಹೊರಗಿನ ಭಾಗಕ್ಕೆ ನಾವು ಹೊಣೆಯಲ್ಲ, ಅದರಿಂದ ಆದ ಹಾನಿಗೂ ಹೊಣೆಯಲ್ಲ. ಅಂದರೆ ನೀವು ರ‍್ಯಾಮ್ ಬದಲಿಸಿದಿರಿ ಎಂದು ಪವರ್ ಸಪ್ಲೈ ವಾರಂಟಿ ತಾನಾಗಿ ಸಾಯುವುದಿಲ್ಲ. ತೊಡಕು ಬೇರೆ ಕಡೆ ಇದೆ. ಸರ್ವರ್ ಕೆಟ್ಟು ಫೋನ್ ಮಾಡಿದಾಗ, ಹೊರಗಿನ ಭಾಗ ತೆಗೆದು ಆಮೇಲೂ ತೊಂದರೆ ಇದೆಯೇ ನೋಡಿ ಎಂದು ಎಂಜಿನಿಯರ್ ಹೇಳಬಹುದು. ಕೌಂಟರ್ ಮುಂದೆ ಜನ ಸಾಲಾಗಿ ನಿಂತಿರುವಾಗ ಆ ಅರ್ಧ ದಿನವೂ ಖರ್ಚೇ.

ಈ ವಾದದಲ್ಲಿ ಅಮೆರಿಕದ 1975ರ ಮ್ಯಾಗ್ನುಸನ್‌–ಮಾಸ್ ವಾರಂಟಿ ಕಾಯ್ದೆಯನ್ನು ಎಳೆದು ತರುವವರಿದ್ದಾರೆ. ಅದು ಮನೆಬಳಕೆಯ ವಸ್ತುಗಳಿಗೆ ಸಂಬಂಧಿಸಿದ್ದು, ಅದೂ ಅಮೆರಿಕದಲ್ಲಿ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರಲ್ಲ, ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗೆ ಕೊಂಡವರಿಗಷ್ಟೇ ವಿನಾಯಿತಿ. ಹಾಗಾಗಿ ಫಾರ್ವರ್ಡ್ ನಂಬುವ ಬದಲು ನಿಮ್ಮ ವಾರಂಟಿ ಪತ್ರ ಓದುವುದೇ ವಾಸಿ.

ನಿಜವಾದ ಅಪಾಯ ಎಲ್ಲಿದೆ?

ನಮ್ಮ ಪ್ರಕಾರ ಕಂಪನಿಯ ಹೆಸರಿಗಿಂತ ಭಾಗದ ಬಗೆ ತಪ್ಪುವುದು ದೊಡ್ಡ ಅಪಾಯ. ಡಿಡಿಆರ್4ರಲ್ಲಿ ಮಾಮೂಲಿ ಕಂಪ್ಯೂಟರಿನ ರ‍್ಯಾಮೂ ಸರ್ವರಿನ ರೆಜಿಸ್ಟರ್ಡ್ ರ‍್ಯಾಮೂ ಒಂದೇ ಸ್ಲಾಟಿನಲ್ಲಿ ಕೂರುತ್ತವೆ. ಆದರೆ ಎರಡನ್ನೂ ಬೆರೆಸಿದರೆ ಯಂತ್ರ ಆನ್ ಆಗುವುದಿಲ್ಲ. ಇದರಲ್ಲಿ ತಪ್ಪು ಆಗಲೇ ಗೊತ್ತಾಗುತ್ತದೆ, ಅದೇ ಪುಣ್ಯ. ಡಿಸ್ಕ್ ಹಾಗಲ್ಲ. ಮನೆ ಕಂಪ್ಯೂಟರಿನ ಡಿಸ್ಕ್‌ಗೆ ಒಂದು ಜಾಗ ಓದಲಾಗದಿದ್ದರೆ ಅದು ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸರ್ವರ್ ಡಿಸ್ಕ್ ಏಳೆಂಟು ಸೆಕೆಂಡಿನಲ್ಲೇ ಸೋಲೊಪ್ಪಿ, ಉಳಿದ ಡಿಸ್ಕ್‌ಗಳಿಂದ ಆ ಮಾಹಿತಿ ತೆಗೆದುಕೊಳ್ಳಲು ರೇಡ್ ಕಾರ್ಡ್‌ಗೆ ಬಿಡುತ್ತದೆ. ಮನೆಯ ಡಿಸ್ಕನ್ನು ಸರ್ವರ್‌ಗೆ ಹಾಕಿದರೆ ಅದು ಬಹಳ ಹೊತ್ತು ಉತ್ತರ ಕೊಡದೆ ಕೂತು, ಸತ್ತಿದೆ ಎಂದು ತಿಳಿದ ರೇಡ್ ಕಾರ್ಡ್ ಅದನ್ನು ಹೊರಹಾಕುತ್ತದೆ. ಎಲ್ಲ ಸರಿಯಿದ್ದಂತೆ ತಿಂಗಳುಗಟ್ಟಲೆ ಓಡಿ, ಒಂದು ದಿನ ಹೀಗಾಗಬಹುದು.

ಹಾಗೆಂದು ಬ್ರ್ಯಾಂಡ್ ಸ್ಟಿಕ್ಕರ್ ಇದ್ದರೆ ಕ್ಷೇಮವೇ? 2019ರ ನವೆಂಬರ್‌ನಲ್ಲಿ ಎಚ್‌ಪಿಇ ತನ್ನದೇ ಹೆಸರಿನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಫರ್ಮ್‌ವೇರ್ ದೋಷದಿಂದ ಅವು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ನಿಂತುಹೋಗುತ್ತಿದ್ದವು. ಆಮೇಲೆ ಡಿಸ್ಕೂ ಇಲ್ಲ, ಡೇಟಾವೂ ಇಲ್ಲ. ಒಂದು ಸರ್ವರಿನ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಒಂದೇ ದಿನ ಹಾಕುವುದರಿಂದ ಎಲ್ಲವೂ ಒಟ್ಟಿಗೇ ಸಾಯುವ ಸಾಧ್ಯತೆ ಇತ್ತು. ಒಂದು ಡಿಸ್ಕ್ ಹೋದರೆ ಇನ್ನೊಂದಿದೆ ಎಂಬ ರೇಡ್ ಧೈರ್ಯ ಆಗ ಯಾವ ಕೆಲಸಕ್ಕೂ ಬಾರದು. ಗಡುವಿಗೆ ಮೊದಲು ಫರ್ಮ್‌ವೇರ್ ಅಪ್‌ಡೇಟ್ ಮಾಡಿದವರು ಪಾರಾದರು.

ಅಗ್ಗದ ಡಿಸ್ಕ್ ಹುಡುಕುವವರಿಗೆ ಇನ್ನೊಂದು ಮಾತು. 2025ರ ಜನವರಿಯಲ್ಲಿ ಜರ್ಮನಿಯ ಸುದ್ದಿತಾಣವೊಂದು, ಹತ್ತಾರು ಸಾವಿರ ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳು ಹೊಸದೆಂದು ಮಾರಾಟವಾಗುತ್ತಿವೆ ಎಂದು ಬಯಲು ಮಾಡಿತು. ಮೀಟರ್ ತಿರುಗಿಸಿದ ಹಳೆ ಕಾರಿನ ಹಾಗೆ, ಮೇಲ್ನೋಟದ ಲೆಕ್ಕದಲ್ಲಿ ಗಂಟೆಗಳನ್ನು ಅಳಿಸಲಾಗಿತ್ತು. ಸೀಗೇಟ್‌ನ ‘ಫಾರ್ಮ್’ ಎಂಬ ಒಳದಾಖಲೆಯಲ್ಲಿ ಮಾತ್ರ ನಿಜ ಉಳಿದಿತ್ತು. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ನಿಮ್ಮ ಕಂಪ್ಯೂಟರ್ ಹುಡುಗನಿಗೆ ಇದೊಂದನ್ನು ಫಾರ್ವರ್ಡ್ ಮಾಡಿದರೂ ಸಾಕು.

ಹೊರಗಿನದನ್ನೇ ಹಾಕುವುದಾದರೆ ರ‍್ಯಾಮ್ ಕೊಳ್ಳುವಾಗ ಸರ್ವರಿನ ಪೂರ್ತಿ ಮಾದರಿ ಸಂಖ್ಯೆ ಹೇಳಿ. ಡಿಸ್ಕ್‌ಗೆ ತಯಾರಕರ ವಾರಂಟಿ ಇದೆಯೇ ಎಂದು ಸೀರಿಯಲ್ ಸಂಖ್ಯೆ ಹಾಕಿ ಅವರ ಜಾಲತಾಣದಲ್ಲಿ ನೋಡಿ. ಡಿಸ್ಕ್ ಕೂರಿಸುವ ಟ್ರೇ ಬೇರೆಯಾಗಿ ಕೊಳ್ಳಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲವು ಸರ್ವರ್‌ಗಳಲ್ಲಿ ಹೊರಗಿನ ಡಿಸ್ಕ್ ಹಾಕಿದ ಮೇಲೆ ಎಚ್ಚರಿಕೆಯ ದೀಪ ಉರಿಯುತ್ತದೆ ಅಥವಾ ಫ್ಯಾನ್ ಜೋರಾಗಿ ತಿರುಗುತ್ತದೆ. ಆ ದೀಪಕ್ಕೆ ಕಣ್ಣು ಒಗ್ಗಿಹೋದರೆ, ನಿಜವಾಗಿ ಡಿಸ್ಕ್ ಕೆಟ್ಟ ದಿನ ಅದೇ ದೀಪವನ್ನು ಯಾರೂ ಗಮನಿಸುವುದಿಲ್ಲ. ಪೆಟ್ಟಿಗೆ ಬಿಚ್ಚುವ ಮೊದಲು ಬ್ಯಾಕಪ್ ತೆಗೆದು, ಅದರಿಂದ ಒಂದೆರಡು ಕಡತ ವಾಪಸ್ ತೆರೆದು ನೋಡಿ. ಕಳಚಿದ ಮೂಲ ರ‍್ಯಾಮ್ ಚೆನ್ನಾಗಿದ್ದರೆ ಗುಜರಿಗೆ ಹಾಕಬೇಡಿ, ಡ್ರಾಯರ್‌ನಲ್ಲಿಡಿ. ವಾರಂಟಿಗೆ ಫೋನ್ ಮಾಡಿದ ದಿನ ಅದನ್ನು ಹಾಕಿ ತೋರಿಸಬೇಕಾಗುತ್ತದೆ.